ಎಚ್‌ಎಫ್‌ಗೆ ಜಾಗವಿಲ್ಲ, ಕೈಯಲ್ಲಿ ಹ್ಯಾಂಡಿ ಇದೆ: ಮುಂಬೈಯಲ್ಲಿ ಕೂತು ಮೇಲಿನ ಬ್ಯಾಂಡ್‌ಗಳಲ್ಲಿ ಏನು ಮಾಡಬಹುದು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಏಳನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇನೆ, ಊರು ಕುಂದಾಪುರದ ಕಡೆ. ಹೋದ ವರ್ಷ ರಿಸ್ಟ್ರಿಕ್ಟೆಡ್ ಗ್ರೇಡ್ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕಿತು. ಐದು ವಾಟಿನ ಡ್ಯುಯಲ್ ಬ್ಯಾಂಡ್ ಹ್ಯಾಂಡಿ, ಅಂದರೆ ಎರಡು ಬ್ಯಾಂಡಿನ ವಾಕಿಟಾಕಿ ಒಂದಿದೆ. ರಿಪೀಟರ್‌ನಲ್ಲಿ ಬೆಳಿಗ್ಗೆ ನಾಲ್ಕು ಮಾತು, ಸಂಜೆ ನಾಲ್ಕು ಮಾತು. ಅದೇ ಜನ, ಅದೇ ‘ಫೈವ್ ನೈನ್’ (ಸಿಗ್ನಲ್ ಪೂರ್ತಿ ಚೆನ್ನಾಗಿದೆ ಎಂಬ ವರದಿ). ಎಚ್‌ಎಫ್‌ಗೆ, ಅಂದರೆ ದೂರ ಹೋಗುವ ಶಾರ್ಟ್‌ವೇವ್‌ಗೆ, ಉದ್ದ ತಂತಿ ಕಟ್ಟೋಣವೆಂದರೆ ಸೊಸೈಟಿಯವರು ಬಿಡುವುದಿಲ್ಲ. ಎಚ್‌ಎಫ್ ಇಲ್ಲದೆ ಹ್ಯಾಮ್ ರೇಡಿಯೊದ ರುಚಿ ಗೊತ್ತಾಗುವುದಿಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಮೇಲಿನ ಬ್ಯಾಂಡ್‌ಗಳಲ್ಲಿ ಮಾಡುವಂಥದ್ದು ನಿಜವಾಗಿ ಏನಾದರೂ ಇದೆಯೇ? ಇಲ್ಲ, ಹ್ಯಾಂಡಿ ಮಾರಿಬಿಡಲೇ?

ಉತ್ತರ: ಮಾರಬೇಡಿ. ನಿಮಗೆ ಬೇಸರ ತಂದಿರುವುದು ಬ್ಯಾಂಡ್ ಅಲ್ಲ, ರಿಪೀಟರ್.

ರಿಪೀಟರ್ ಎತ್ತರದಲ್ಲಿ ಕೂತು ನಿಮ್ಮ ದನಿಯನ್ನು ಕೇಳಿಸಿಕೊಂಡು, ತನ್ನ ಶಕ್ತಿಯಲ್ಲಿ, ತನ್ನ ಆಂಟೆನಾದಿಂದ ಮತ್ತೆ ಬಿಡುತ್ತದೆ. ಆಚೆಯವರು ‘ಫೈವ್ ನೈನ್’ ಅಂದರೆ ಅವರ ಮೀಟರ್ ಅಳೆದದ್ದು ರಿಪೀಟರನ್ನು. ನಿಮ್ಮ ಸಿಗ್ನಲ್ ಬಗ್ಗೆ ಅದರಲ್ಲಿ ಏನೂ ಇಲ್ಲ. ಮಳೆ ಬರಲಿ, ಸೆಖೆ ಇರಲಿ, ಬೆಳಗಾಗಲಿ, ರಾತ್ರಿಯಾಗಲಿ, ಎಲ್ಲ ದಿನವೂ ಒಂದೇ. ಆಪತ್ತಿನ ಕಾಲಕ್ಕೆ ಅಂಥ ವ್ಯವಸ್ಥೆ ಬೇಕೇ ಬೇಕು, ಅದನ್ನು ನಡೆಸುವವರ ಶ್ರಮ ದೊಡ್ಡದು. ಆದರೆ ಮೇಲಿನ ಬ್ಯಾಂಡಿನ ಸೊಗಸೆಲ್ಲ ಇರುವುದು ದಿನದಿಂದ ದಿನಕ್ಕೆ ದಾರಿ ಬದಲಾಗುವುದರಲ್ಲಿ. ಅದು ರಿಪೀಟರ್‌ನಿಂದ ಹೊರಗೆ ಬಂದರೆ ಮಾತ್ರ ಗೊತ್ತಾಗುತ್ತದೆ.

ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 144ರಿಂದ 146 ಮೆಗಾಹರ್ಟ್ಸ್, 434ರಿಂದ 438, ಅದರ ಮೇಲೆ 1260ರಿಂದ 1300, ಇನ್ನೂ ಮೇಲೆ ಮೈಕ್ರೋವೇವ್ ತುಂಡುಗಳಿವೆ. ಈ ಅಲೆಗಳು ಸಾಮಾನ್ಯವಾಗಿ ಅಯಾನುಗೋಳಕ್ಕೆ ಬಡಿದು ಹಿಂದಕ್ಕೆ ಬರುವುದಿಲ್ಲ, ನೇರ ಹೋಗುತ್ತವೆ. ಎಷ್ಟು ದೂರ ಎನ್ನುವುದಕ್ಕೆ ಸುಲಭದ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ, ಉತ್ತರ ಕಿಲೋಮೀಟರ್‌ನಲ್ಲಿ ಬರುತ್ತದೆ. ರಸ್ತೆಯಲ್ಲಿ ನಿಂತು ಹ್ಯಾಂಡಿ ಹಿಡಿದವನಿಗೆ ಐದು ಕಿ.ಮೀ. ನಿಮ್ಮ ಏಳನೇ ಮಹಡಿಗೆ ಸುಮಾರು 19. ಆ ಕಡೆಯವರೂ ಅಷ್ಟೇ ಎತ್ತರದಲ್ಲಿದ್ದರೆ ಎರಡನ್ನೂ ಕೂಡಿಸಿ, 38. ಸುಮಾರು 800 ಮೀಟರ್ ಎತ್ತರದ ಮಾಥೇರಾನ್ ತುದಿಗೆ ಹೋದರೆ 116 ಕಿ.ಮೀ. ಶಕ್ತಿ ಅದೇ ಐದು ವಾಟ್. ಬದಲಾದದ್ದು ಎತ್ತರ ಮಾತ್ರ. ಎಚ್‌ಎಫ್ ಹಿರಿಯರು ನೂರು ವಾಟಿನ ಮಾತಾಡುವಾಗ ನೀವು ಮೀಟರಿನ ಮಾತಾಡಬೇಕು.

ಡೊಂಬಿವಲಿಯ ಜಾಗವನ್ನು ಈ ಕಣ್ಣಲ್ಲಿ ನೋಡಿ. ಮುಂಬೈ ಕಡೆಗೆ ಪಾರಸಿಕ್ ಗುಡ್ಡ ಅಡ್ಡ ಇದೆ. ಇನ್ನೊಂದು ಕಡೆ ಮಲಂಗಗಡ, ಅದರಾಚೆ ಮಾಥೇರಾನ್ ಸಾಲು. ಗುಡ್ಡ ಅಡ್ಡ ಇದೆ ಅಂದಾಕ್ಷಣ ದಾರಿ ಮುಚ್ಚಿತು ಅಂತಲ್ಲ. ಚೂಪಾದ ಗುಡ್ಡದ ಅಂಚಿನ ಮೇಲೆ ಅಲೆ ಸ್ವಲ್ಪ ಬಾಗಿ ಆಚೆಗೆ ಇಳಿಯುತ್ತದೆ. ಎತ್ತರದ ಬಂಡೆಗೋಡೆಗೆ ಬಡಿದು ಬೇರೆ ದಿಕ್ಕಿಗೂ ಹೋಗುತ್ತದೆ. ಸಿಂಪ್ಲೆಕ್ಸ್‌ನಲ್ಲಿ, ಅಂದರೆ ರಿಪೀಟರ್ ಇಲ್ಲದೆ ಮಾತಾಡುವಾಗ, ಠಾಣೆಯ ಗೆಳೆಯರು ನೇರ ದಿಕ್ಕಿಗೆ ಸಿಗದೆ, ಆಂಟೆನಾವನ್ನು ಮಲಂಗಗಡದ ಕಡೆ ತಿರುಗಿಸಿದಾಗ ಸಿಕ್ಕರೆ ಆಶ್ಚರ್ಯಪಡಬೇಡಿ. ದಿಕ್ಕು ಬರೆದಿಟ್ಟುಕೊಳ್ಳಿ.

ಆದರೆ ತಿರುಗಿಸಲು ದಿಕ್ಕಿನ ಆಂಟೆನಾ ಬೇಕಲ್ಲ. ಹ್ಯಾಂಡಿಯ ಜೊತೆ ಬಂದ ರಬ್ಬರ್ ಕೋಲು ಚೆನ್ನಾಗಿರುವುದು ಜೇಬಿಗೆ ಮಾತ್ರ. ನಾನು ಹೊಸಬರಿಗೆಲ್ಲ ಮೊದಲು ಹೇಳುವುದು ಟೇಪ್ ‘ಯಾಗಿ’ (ಒಂದೇ ದಿಕ್ಕಿಗೆ ಒತ್ತು ಕೊಡುವ ಆಂಟೆನಾ) ಕಟ್ಟಿ ಎಂದು. ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪು, ಅರ್ಧ ಇಂಚಿನ ಪಿವಿಸಿ ಪೈಪು, ಎರಡು ಕ್ರಾಸ್, ಒಂದು ಟೀ, ಕೆಲವು ಹೋಸ್ ಕ್ಲ್ಯಾಂಪ್. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಕನೆಕ್ಟರ್ ಮತ್ತು ಒಳ್ಳೆಯ ಕೇಬಲ್ ಮಾತ್ರ ಲ್ಯಾಮಿಂಗ್ಟನ್ ರೋಡಿನಲ್ಲಿ ನೋಡಿ ತನ್ನಿ. ಪುಣೆಯವರಾದರೆ ಬುಧವಾರ ಪೇಟೆ.

145 ಮೆಗಾಹರ್ಟ್ಸ್‌ಗೆ ಹಿಂದಿನ ತುಂಡು ಸುಮಾರು 105 ಸೆಂ.ಮೀ., ಮುಂದಿನದು 89. ನಡುವೆ ಕೇಬಲ್ ಕೂಡುವ ತುಂಡು ಎರಡು ಹೋಳು, ಒಂದೊಂದು 45 ಸೆಂ.ಮೀ., ಎರಡರ ಮಧ್ಯೆ ಎರಡೂವರೆ ಸೆಂ.ಮೀ. ಬಿಡುವು. ಹಿಂದಿನದಕ್ಕೂ ನಡುವಿನದಕ್ಕೂ 20 ಸೆಂ.ಮೀ. ಅಂತರ, ನಡುವಿನದಕ್ಕೂ ಮುಂದಿನದಕ್ಕೂ 32. ನಡುವಿನ ಎರಡು ಹೋಳುಗಳ ಒಳತುದಿಗಳಿಗೆ, ಕೇಬಲ್ ಕೂಡುವಲ್ಲೇ, ‘ಯು’ ಆಕಾರದ ಸಣ್ಣ ತಂತಿಯೊಂದನ್ನು ಬೆಸೆಯಬೇಕು. ಇದೇ ಹೇರ್‌ಪಿನ್, 50 ಓಮ್‌ಗೆ ಹೊಂದಿಸುವುದು ಅದರ ಕೆಲಸ. ಟೇಪಿನ ಹಳದಿ ಬಣ್ಣವನ್ನು ಉಪ್ಪುಕಾಗದದಿಂದ ಪೂರಾ ಉಜ್ಜಿ, ಉಕ್ಕು ಹೊಳೆಯುವ ತನಕ ತೆಗೆದ ಮೇಲೆಯೇ ಬೆಸುಗೆ ಹಾಕಿ. ಬಣ್ಣದ ಪದರ ಸ್ವಲ್ಪ ಉಳಿದರೂ ಸೀಸ ಮುತ್ತಿನಂತೆ ಉರುಳಿ ಬೀಳುತ್ತದೆ, ಹಿಡಿಯುವುದಿಲ್ಲ. ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆಂಬ ಅಳತೆ) ಹೆಚ್ಚು ತೋರಿಸಿದರೆ ಕ್ಲ್ಯಾಂಪ್ ಸಡಿಲಿಸಿ ಆ ಎರಡು ಹೋಳುಗಳ ನಡುವಿನ ಬಿಡುವನ್ನು ಹಿಂದೆಮುಂದೆ ಮಾಡಿ, ಇಳಿಯುತ್ತದೆ.

ಈ ವಿನ್ಯಾಸ ಹುಟ್ಟಿದ್ದು ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ‘ಫಾಕ್ಸ್ ಹಂಟ್’ ಆಟಕ್ಕೆ. ಹಿಂದುಗಡೆಯ ಸಿಗ್ನಲ್ಲನ್ನು ಚೆನ್ನಾಗಿ ತಡೆಯುತ್ತದೆ. ನಮ್ಮ ಮಟ್ಟಿಗೆ ಅದರ ದೊಡ್ಡ ಗುಣ ಬೇರೆ: ಟೇಪು ಮಡಚುತ್ತದೆ. ಚೀಲಕ್ಕೆ ಹಾಕಿಕೊಂಡು ಲೋಕಲ್ ಹತ್ತಬಹುದು. ಟೆರೇಸಿನಲ್ಲಿ ಕೈಯಲ್ಲಿ ಹಿಡಿದು ನಿಲ್ಲುವ ಆಂಟೆನಾಕ್ಕೆ ಕಂಬ ಬೇಡ, ಸೊಸೈಟಿಯ ಮೀಟಿಂಗಿನಲ್ಲಿ ಠರಾವೂ ಬೇಡ. ಎಫ್‌ಎಂ ಮಾತಿಗೆ ತುಂಡುಗಳು ನೆಟ್ಟಗೆ ನಿಲ್ಲಲಿ. ದೂರದ ಎಸ್‌ಎಸ್‌ಬಿ (ಕ್ಷೀಣ ಸಿಗ್ನಲ್‌ಗೆ ಒಗ್ಗುವ ಮಾತಿನ ವಿಧಾನ) ಸಿಗ್ನಲ್ ಕೇಳುವಾಗ ಅಡ್ಡ ಮಲಗಿರಲಿ. ಎದುರಿನವರು ಹಿಡಿದ ರೀತಿಗೆ ತಪ್ಪಾಗಿ ಹಿಡಿದರೆ ನೂರರಲ್ಲಿ ಒಂದು ಪಾಲು ಶಕ್ತಿಯಷ್ಟೇ ತಲುಪಬಹುದು.

ಕೇಬಲ್ ಬಗ್ಗೆ ಒಂದೇ ಮಾತು. ಆರ್‌ಜಿ-58 ಎಂಬ ತೆಳು ಕೇಬಲ್ ಎಚ್‌ಎಫ್‌ನಲ್ಲಿ ನಡೆಯುತ್ತದೆ, 435 ಮೆಗಾಹರ್ಟ್ಸ್‌ನಲ್ಲಿ ಹದಿನೈದು ಮೀಟರ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಕೇಬಲ್ ಗಿಡ್ಡವಿರಲಿ, ಇಲ್ಲವೇ ದಪ್ಪವಿರಲಿ.

ಯಾಗಿ ಸಿದ್ಧವಾಯಿತೆಂದರೆ ಮೊದಲ ದಿನವೇ ಆಕಾಶದ ಕಡೆ ತಿರುಗಿಸಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಒಂದೂವರೆ ತಾಸಿಗೆ ಒಂದು ಸುತ್ತು ಹೊಡೆಯುತ್ತದೆ. ಮುಂಬೈ ಮೇಲೆ ಅದರ ಒಂದು ಪಾಸ್, ಅಂದರೆ ಹಾದುಹೋಗುವ ಹೊತ್ತು, ಹೆಚ್ಚೆಂದರೆ ಹತ್ತು ನಿಮಿಷ. ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಎಂಬುದನ್ನು ಫೋನಿನ ಟ್ರ್ಯಾಕಿಂಗ್ ಆ್ಯಪ್ ಹೇಳುತ್ತದೆ. ಅದರ ಹ್ಯಾಮ್ ಡೌನ್‌ಲಿಂಕ್ (ಕೆಳಗೆ ಕಳಿಸುವ ಫ್ರೀಕ್ವೆನ್ಸಿ) 145.800 ಮೆಗಾಹರ್ಟ್ಸ್. ಗಗನಯಾತ್ರಿಗಳು ಶಾಲೆಯ ಮಕ್ಕಳೊಂದಿಗೆ ಮಾತಾಡುವುದು ಇಲ್ಲೇ. ಕೆಲವೊಮ್ಮೆ ಎಸ್‌ಎಸ್‌ಟಿವಿ (ಶಬ್ದದ ರೂಪದಲ್ಲಿ ಬರುವ ಸ್ತಬ್ಧ) ಚಿತ್ರಗಳನ್ನು ಕಳಿಸುವುದೂ ಇಲ್ಲೇ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ಕೇಳುವುದಕ್ಕೆ ನಿಮ್ಮ ಕೈಯಲ್ಲಿರುವ ಹ್ಯಾಂಡಿಗಿಂತ ಹೆಚ್ಚಿನದೇನೂ ಬೇಕಿಲ್ಲ.

ನಿಲ್ದಾಣದಲ್ಲಿ ಕ್ರಾಸ್‌ಬ್ಯಾಂಡ್ ರಿಪೀಟರ್ ಕೂಡ ಇದೆ. ಅದು ಚಾಲೂ ಇದ್ದ ದಿನ 145.990ರಲ್ಲಿ 67 ಹರ್ಟ್ಸ್ ಟೋನ್ (ರಿಪೀಟರ್ ಬಾಗಿಲು ತೆರೆಯುವ ಸಣ್ಣ ಸ್ವರ) ಹಾಕಿ ಕರೆದರೆ ನಿಮ್ಮ ದನಿ 437.800ರಲ್ಲಿ ಇಳಿದುಬರುತ್ತದೆ. ರಿಪೀಟರ್ ಬಿಡಿ ಎಂದವನೇ ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಈ ರಿಪೀಟರ್ ನಿಂತಲ್ಲಿ ನಿಲ್ಲುವುದಿಲ್ಲ. ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ವೇಗವಾಗಿ ಓಡುತ್ತದೆ. ನಿಮ್ಮ ಕಡೆ ಬರುವಾಗ ಅದರ ಸಿಗ್ನಲ್ ಸುಮಾರು 10 ಕಿಲೋಹರ್ಟ್ಸ್ ಮೇಲೆ, ದೂರ ಹೋಗುವಾಗ ಅಷ್ಟೇ ಕೆಳಗೆ. ಆದ್ದರಿಂದ ಹ್ಯಾಂಡಿಯಲ್ಲಿ ಐದು ಮೆಮೊರಿ ತುಂಬಿಸಿ: 437.810, .805, .800, .795, .790. ಪಾಸ್ ಶುರುವಾದಾಗ ಮೊದಲನೆಯದರಲ್ಲಿ ಕೇಳಿ, ದನಿ ಒಡೆಯತೊಡಗಿದರೆ ಮುಂದಿನದಕ್ಕೆ ಇಳಿಯಿರಿ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದಡಗಿಸುವ ವ್ಯವಸ್ಥೆ) ಪೂರ್ತಿ ತೆಗೆದಿಡಿ. ಯಾಗಿಯನ್ನು ಹಿಡಿದು ಮಣಿಕಟ್ಟು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಗೊರಗೊರ ಶಬ್ದ ಸಟ್ಟನೆ ಇಂಗಿ ದನಿ ತಿಳಿಯಾಗುತ್ತದೆ. ನಿಲ್ದಾಣ ಸರಿದಂತೆ ಆ ಕೋನವೂ ಸರಿಯುತ್ತದೆ, ಕೈ ಅದರ ಹಿಂದೆಯೇ ಹೋಗಬೇಕು. ನಾನು ಬಲ್ಲ ಹ್ಯಾಮ್ ಕೆಲಸಗಳಲ್ಲಿ ಕಿವಿಗೂ ಕೈಗೂ ಇಷ್ಟು ಹತ್ತಿರದ ಸಂಬಂಧ ಬೇರೆ ಯಾವುದರಲ್ಲೂ ಇಲ್ಲ.

145ರ ಆಂಟೆನಾ 437ರಲ್ಲಿ ಕೇಳಿಸುತ್ತದೆಯೇ ಅಂದರೆ, ತಕ್ಕಮಟ್ಟಿಗೆ. ಹಸಿವು ಹೆಚ್ಚಿದ ಮೇಲೆ ಅದಕ್ಕೇ ಇನ್ನೊಂದು ಸಣ್ಣ ಯಾಗಿ ಕಟ್ಟಿ. ಆ ಬ್ಯಾಂಡಿನ ಕಾಲು ಅಲೆ ಬರೀ 16-17 ಸೆಂ.ಮೀ. ಹಾಗೆಯೇ ಎಸ್‌ಒ-50 ಎಂಬ ಉಪಗ್ರಹ 2002ರಿಂದ ಸುತ್ತುತ್ತಿದೆ, 145.850ರಲ್ಲಿ ಕರೆದರೆ 436.795ರಲ್ಲಿ ಇಳಿಯುತ್ತದೆ, ಅದಕ್ಕೂ 67 ಹರ್ಟ್ಸ್ ಟೋನ್. ಕರೆಯುವ ಮೊದಲು ನಾಲ್ಕಾರು ಪಾಸ್ ಸುಮ್ಮನೆ ಕೇಳಿ. ಒಂದೇ ಚಾನೆಲ್, ಗಲ್ಫ್‌ನಿಂದ ಹಿಡಿದು ಆಗ್ನೇಯ ಏಷ್ಯಾದ ಕಡೆಯವರೆಗಿನ ಹ್ಯಾಮ್‌ಗಳು ಅದೇ ಹತ್ತು ನಿಮಿಷಕ್ಕೆ ಕಾಯುತ್ತಿರುತ್ತಾರೆ. ಕಾಲ್‌ಸೈನ್, ಗ್ರಿಡ್ (ನಿಮ್ಮ ಜಾಗದ ಸಂಕೇತ), ರಿಪೋರ್ಟ್, 73 (ಶುಭಾಶಯ), ಅಷ್ಟರಲ್ಲಿ ಮುಗಿಸಿ. ತನ್ನ ದನಿ ಮರಳಿ ಕೇಳಿಸದೆ ಮತ್ತೆ ಮತ್ತೆ ಕರೆಯುವವನು ಉಳಿದವರ ಪಾಸನ್ನೂ ಕೆಡಿಸುತ್ತಾನೆ. ಕೇಳಲು ಇನ್ನೊಂದು ಹ್ಯಾಂಡಿಯೋ ಆರ್‌ಟಿಎಲ್ ಡಾಂಗಲ್ಲೋ (ಕಂಪ್ಯೂಟರಿಗೆ ಚುಚ್ಚುವ ಸಣ್ಣ ರಿಸೀವರ್) ಪಕ್ಕದಲ್ಲಿರಲಿ.

ನಮ್ಮದೇ ಉಪಗ್ರಹವೂ ಒಂದಿತ್ತು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಶ್ರೀಹರಿಕೋಟದಿಂದ ಹೊತ್ತೊಯ್ದ ಹ್ಯಾಮ್‌ಸ್ಯಾಟ್, ತೂಕ 42.5 ಕಿಲೋ. 2014ರವರೆಗೆ ಲೋಕದ ಹ್ಯಾಮ್‌ಗಳೆಲ್ಲ ಅದನ್ನು ಬಳಸಿದರು. ಅದರ ಜಾಗಕ್ಕೆ ಇನ್ನೊಂದು ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಕಡಲಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂಬೈಯವರಿಗೆ ಸಿಕ್ಕಿರುವ ದೊಡ್ಡ ಭಾಗ್ಯ ಇದು, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಬಾಂಬೆಯಲ್ಲಿ 200 ಮೆಗಾಹರ್ಟ್ಸ್‌ನ ರೇಡಾರ್ ಇಟ್ಟಿದ್ದರು. ನಮ್ಮ ಎರಡು ಮೀಟರ್ ಬ್ಯಾಂಡಿಗೆ (144ರಿಂದ 146) ಅದು ಹೆಚ್ಚುಕಡಿಮೆ ನೆರೆಮನೆ. ಬೇಸಿಗೆಯಲ್ಲಿ ಆ ರೇಡಾರಿಗೆ ಸಾವಿರ ಮೈಲಿಗೂ ಆಚೆಯ ಅರೇಬಿಯಾ ಕರಾವಳಿಯಿಂದ ಪ್ರತಿಧ್ವನಿ ಬರುತ್ತಿತ್ತು. ಮೇಲೆ ಹೇಳಿದ 4.12ರ ಲೆಕ್ಕಕ್ಕೆ ಇದು ಸಿಗುವುದೇ ಇಲ್ಲ. ಆದದ್ದೇನೆಂದರೆ, ಬೇಸಿಗೆಯಲ್ಲಿ ಅರೇಬಿಯಾದ ಕಡೆಯ ಬಿಸಿ, ಒಣ ಗಾಳಿ ಅರಬ್ಬೀ ಸಮುದ್ರದ ಮೇಲಿನ ತಂಪು, ತೇವದ ಗಾಳಿಯ ಮೇಲೆ ಹಾಸಿಕೊಳ್ಳುತ್ತದೆ. ಎರಡೂ ಸೇರುವ ಗಡಿಯಲ್ಲಿ ತೇವಾಂಶ ಒಮ್ಮೆಲೇ ಇಳಿಯುವುದರಿಂದ ಅಲೆ ಕೆಳಕ್ಕೆ ಬಾಗುತ್ತದೆ. ಕೆಳಗೆ ಕಡಲು, ಮೇಲೆ ಈ ಗಡಿ. ನಡುವೆ ಸಿಕ್ಕಿಬಿದ್ದ ಸಿಗ್ನಲ್ ಭೂಮಿಯ ಬಾಗನ್ನೇ ಹಿಡಿದು ಓಡುತ್ತದೆ. ಇದನ್ನು ಡಕ್ಟಿಂಗ್ ಅನ್ನುತ್ತಾರೆ. ಮಳೆಗಾಲದ ಜೋರು ಗಾಳಿ ಎರಡು ಪದರಗಳನ್ನೂ ಕಲಕಿಬಿಡುವುದರಿಂದ ಜೂನ್ ಬಂದರೆ ಆ ದಾರಿ ಕಳಚುತ್ತದೆ.

ಮಾರ್ಚ್‌ನಿಂದ ಮೇ ತನಕ ನೀವು ಮಾಡಬೇಕಾದದ್ದು ಬಹಳ ಸುಲಭ. ಸಂಜೆ ಮತ್ತು ಮುಂಜಾವದಲ್ಲಿ ಸಾಧಾರಣ ಎಫ್‌ಎಂ ರೇಡಿಯೊ ಹಾಕಿ, ಮುಂಬೈ ಸ್ಟೇಷನ್‌ಗಳ ನಡುವಿನ ಖಾಲಿ ಜಾಗಗಳಲ್ಲಿ ಮುಳ್ಳು ತಿರುಗಿಸಿ. ಅಲ್ಲಿ ಅರಬಿ ಮಾತು ಕೇಳಿದರೆ ಡಕ್ಟ್ ತೆರೆದಿದೆ. 88ರಿಂದ 108ರಲ್ಲಿ ತೆರೆದದ್ದು 144ರಲ್ಲೂ ತೆರೆದಿರುವ ಸಂಭವ ಹೆಚ್ಚು. ಮಸ್ಕತ್ ಇಲ್ಲಿಂದ ಒಂದೂವರೆ ಸಾವಿರ ಕಿ.ಮೀ. ದಾರಿ ಪೂರಾ ನೀರಿನ ಮೇಲೆ. ಡೊಂಬಿವಲಿಯಿಂದ ಇದು ಕಷ್ಟ, ಪಾರಸಿಕ್ ಗುಡ್ಡ ಬಿಡುವುದಿಲ್ಲ. ಯಾಗಿ ಮಡಚಿಕೊಂಡು ಪಶ್ಚಿಮ ಉಪನಗರದಲ್ಲಿ ಕಡಲು ಕಾಣುವ ಟೆರೇಸ್ ಇರುವ ಗೆಳೆಯರ ಮನೆಗೆ ಹೋಗಿ. ಗೋವಾದಲ್ಲಿ ನೆಂಟರಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಕಡಲಂಚಿನಲ್ಲೇ ಗುಡ್ಡಗಳಿವೆ, ನಗರದ ಗದ್ದಲವೂ ಕಡಿಮೆ.

ಡಕ್ಟ್ ಬರೀ ಗಲ್ಫ್ ಕಡೆಗೆ ಹೋಗುವುದಲ್ಲ. ಕರಾವಳಿಯ ಉದ್ದಕ್ಕೂ ಅದೇ ಕಡಲು, ಅದೇ ಗಾಳಿ. ಮುಂಬೈಯಿಂದ ಉಡುಪಿ ಸುಮಾರು 650 ಕಿ.ಮೀ. ಊರ ಕಡೆ ಹ್ಯಾಮ್ ಗೆಳೆಯರಿದ್ದರೆ ಏಪ್ರಿಲ್ ತಿಂಗಳಲ್ಲಿ ದಿನಾ ಒಂದೇ ಹೊತ್ತಿಗೆ, ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರೂ ಕಿವಿಯಿಡುವ ಏರ್ಪಾಟು ಮಾಡಿಕೊಳ್ಳಿ. ಹೆಚ್ಚಿನ ದಿನ ಏನೂ ಕೇಳುವುದಿಲ್ಲ. ಕೇಳಿದ ದಿನ ಕುಂದಾಪುರ ಕನ್ನಡದಲ್ಲಿ, ನಡುವೆ ಯಾವ ಟವರೂ ಇಲ್ಲದೆ ಮಾತಾಡಬಹುದು. ಮುಂಬೈ ಕನ್ನಡ ಹ್ಯಾಮ್‌ಗಳು ಕೈಹಾಕಲೇಬೇಕಾದ ಕೆಲಸ ಇದು ಎಂದು ನನಗೆ ಮನಸಾರೆ ಅನಿಸುತ್ತದೆ. ಎಫ್‌ಎಂ ಹ್ಯಾಂಡಿಯಲ್ಲೂ ಪ್ರಯತ್ನಿಸಬಹುದು, ಆದರೆ ಕ್ಷೀಣ ಸಿಗ್ನಲ್‌ಗೆ ಎಸ್‌ಎಸ್‌ಬಿ ಅಥವಾ ಸಿಡಬ್ಲ್ಯೂ (ಮೋರ್ಸ್ ಸಂಕೇತ) ಎಷ್ಟೋ ಮೇಲು.

ಪೂರ್ವಕ್ಕೆ ಘಟ್ಟ. ಸುಮಾರು 1,300 ಮೀಟರ್ ಎತ್ತರದ ಸಿಂಹಗಡ ಪುಣೆಯವರ ಅಂಗಳದಲ್ಲೇ ಇದೆ, ನಿಮಗೆ ಮಾಥೇರಾನ್ ಹತ್ತಿರ. ಚಳಿಗಾಲದ ರವಿವಾರ ಚಾರಣಕ್ಕೆ ಹೋದಾಗ ಹ್ಯಾಂಡಿ, ಯಾಗಿ ಒಯ್ದು ಸಿಂಪ್ಲೆಕ್ಸ್‌ನಲ್ಲಿ ಕರೆಯಿರಿ. ಒಂದು ಎಚ್ಚರಿಕೆ ಮಾತ್ರ ತಪ್ಪದೆ ಪಾಲಿಸಿ. ಪುಣೆಯಾಚೆ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಇದೆ, 45 ಮೀಟರ್ ಅಗಲದ 30 ಡಿಶ್‌ಗಳ ರೇಡಿಯೊ ದೂರದರ್ಶಕ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ್ದು. ಅದು ಆಕಾಶವನ್ನು ಆಲಿಸುವ ಫ್ರೀಕ್ವೆನ್ಸಿಗಳ ನಡುವೆಯೇ ನಮ್ಮ 144 ಮತ್ತು 434 ಬರುತ್ತವೆ. ಕೋಟ್ಯಂತರ ಜ್ಯೋತಿರ್ವರ್ಷ ದೂರದಿಂದ ಬಂದ ಸಿಗ್ನಲ್ ಮುಂದೆ ನಮ್ಮ ಐದು ವಾಟ್ ಸಿಡಿಲಿಗಿಂತ ಜೋರು. ಜುನ್ನರ್, ಶಿವನೇರಿ ಕಡೆ ಚಾರಣಕ್ಕೆ ಹೋದಾಗ ಹ್ಯಾಂಡಿ ಆಫ್ ಇರಲಿ.

ನಗರದಲ್ಲಿ ನಿಮ್ಮ ಹ್ಯಾಂಡಿಗೆ ಇನ್ನೊಂದು ತೊಂದರೆ ಬರುತ್ತದೆ. ಒಳ್ಳೆಯ ಆಂಟೆನಾ ಹಾಕಿದ ಕೂಡಲೇ ಕೇಳುವುದು ಕೆಟ್ಟಿತೆಂದು ಅನಿಸಬಹುದು. ಅಗ್ಗದ ಹ್ಯಾಂಡಿಗಳ ರಿಸೀವರ್, ಎಫ್‌ಎಂ ಪ್ರಸಾರ ಮತ್ತು ಮೊಬೈಲ್ ಟವರ್‌ಗಳ ಜೋರು ಸಿಗ್ನಲ್‌ಗೆ ಕಕ್ಕಾಬಿಕ್ಕಿಯಾಗಿ ಕಿವುಡಾಗುತ್ತದೆ. ತಪ್ಪು ಆಂಟೆನಾದ್ದಲ್ಲ. ಎಫ್‌ಎಂ ಪ್ರಸಾರವನ್ನು ತಡೆಯುವ ಸಣ್ಣ ಫಿಲ್ಟರ್ ನಡುವೆ ಹಾಕಿ, ಬಹುಪಾಲು ಸರಿಹೋಗುತ್ತದೆ.

ಹಿರಿಯರು ಹೇಳಿದ ಎಚ್‌ಎಫ್ ರುಚಿ, ಅಂದರೆ ಯುರೋಪು, ಆಫ್ರಿಕಾದ ದನಿಗಳು ಮನೆಯೊಳಗೆ ಬರುವುದು, ಅದಕ್ಕೂ ಮೇಲಿನ ಬ್ಯಾಂಡಿನಲ್ಲೇ ದಾರಿಯಿದೆ. 2018ರ ನವೆಂಬರ್‌ನಲ್ಲಿ ಹಾರಿಸಿದ ಕತಾರ್‌ನ ಎಸ್‌ಹೈಲ್-2 ಎಂಬ ಟಿವಿ ಉಪಗ್ರಹದ ಮೇಲೆ ಹ್ಯಾಮ್‌ಗಳಿಗಾಗಿ ಟ್ರಾನ್ಸ್‌ಪಾಂಡರ್ (ಕೇಳಿದ್ದನ್ನು ಮರಳಿ ಕಳಿಸುವ ಸಾಧನ) ಇಟ್ಟಿದ್ದಾರೆ, ಹೆಸರು ಕ್ಯೂಒ-100. ಅದು ಭೂಸ್ಥಿರ, ಪಾಸ್ ಕಾಯುವ ಕೆಲಸವಿಲ್ಲ, ಹಗಲೂ ರಾತ್ರಿಯೂ ಅಲ್ಲೇ ಇರುತ್ತದೆ. ಇಳಿದುಬರುವುದು 10,489.5 ಮೆಗಾಹರ್ಟ್ಸ್‌ನಿಂದ 10,490ರ ತನಕ. ಯಾರೋ ಬಿಸಾಡಿದ ಡಿಟಿಎಚ್ ಡಿಶ್ ಸಾಕು. ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ ರಿಸೀವರ್ ತಲೆ) ಮಾತ್ರ 9750 ಮೆಗಾಹರ್ಟ್ಸ್‌ನ ಯೂನಿವರ್ಸಲ್ ನೋಡಿ ತನ್ನಿ. ಆಗ ಸಿಗ್ನಲ್ 739.5 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಆರ್‌ಟಿಎಲ್ ಡಾಂಗಲ್ ಅದನ್ನು ಆರಾಮವಾಗಿ ಹಿಡಿಯುತ್ತದೆ.

ಮುಂಬೈಯಿಂದ ದಿಕ್ಕು ಉತ್ತರದಿಂದ ಪ್ರದಕ್ಷಿಣೆಯಾಗಿ 253 ಡಿಗ್ರಿ, ಅಂದರೆ ಪಶ್ಚಿಮಕ್ಕಿಂತ ಚೂರು ದಕ್ಷಿಣ. ಎತ್ತರ ಸುಮಾರು 33 ಡಿಗ್ರಿ. ನಿಮ್ಮ ಬಾಲ್ಕನಿ ಅತ್ತ ಮುಖ ಮಾಡಿದ್ದರೆ ಟೆರೇಸೂ ಬೇಡ. ಬಹಳ ಮಂದಿ ಸೋಲುವುದು ಎಲ್‌ಎನ್‌ಬಿ ತಿರುಗಿಸದೆ. ಉಪಗ್ರಹ ನಮಗೆ ತೀರಾ ಪಶ್ಚಿಮದಲ್ಲಿರುವುದರಿಂದ ಅದರ ‘ನೆಟ್ಟಗೆ’ ನಮ್ಮ ‘ನೆಟ್ಟಗೆ’ಗಿಂತ 65 ಡಿಗ್ರಿಯಷ್ಟು ವಾಲಿದೆ. ಹಿಡಿಕೆ ಸಡಿಲಿಸಿ ಎಲ್‌ಎನ್‌ಬಿಯನ್ನು ನಿಧಾನ ಹೊರಳಿಸುತ್ತ ಬನ್ನಿ, ಪರದೆಯ ಮೇಲೆ ಬೀಕನ್ (ಉಪಗ್ರಹದ ಗುರುತಿನ ಸಿಗ್ನಲ್) ಗೆರೆಗಳು ಏಳುತ್ತವೆ. ಎಲ್‌ಎನ್‌ಬಿಗೆ 13 ವೋಲ್ಟ್ ಆಸುಪಾಸು ಕೊಡಿ. 18 ಕೊಟ್ಟರೆ ಅದು ಇನ್ನೊಂದು ಪೋಲರೈಸೇಶನ್‌ಗೆ ಹೋಗುತ್ತದೆ. ಸಾಧಾರಣ ಎಲ್‌ಎನ್‌ಬಿ ಬಿಸಿಲೇರಿದಂತೆ ಫ್ರೀಕ್ವೆನ್ಸಿ ಬಿಟ್ಟು ಜಾರುತ್ತದೆ. ಬೀಕನ್ ನೋಡಿ ಸರಿಪಡಿಸಿಕೊಳ್ಳುತ್ತಿರಬೇಕು. ಇಲ್ಲಿ ಮೊದಲು ಕೇಳುವುದಷ್ಟೇ ಸಾಕು. ಮೇಲೇರಿಸುವುದು 2.4 ಗಿಗಾಹರ್ಟ್ಸ್‌ನಲ್ಲಿ. ಅದಕ್ಕೆ ಕೈಹಾಕುವ ಮುನ್ನ ನಿಮ್ಮ ಲೈಸೆನ್ಸಿನಲ್ಲಿ ಬರೆದಿರುವ ಫ್ರೀಕ್ವೆನ್ಸಿ ಮತ್ತು ಶಕ್ತಿಯ ಪಟ್ಟಿಯನ್ನು ಒಮ್ಮೆ ಸರಿಯಾಗಿ ಓದಿ. ಈ ಮಾತು ಮೇಲೆ ಹೇಳಿದ ಎಲ್ಲ ಬ್ಯಾಂಡ್‌ಗಳಿಗೂ ಅನ್ವಯ.

ಹಣದ ವಿಷಯಕ್ಕೆ ಬಂದರೆ, ಮೊದಲು ಟೇಪ್ ಯಾಗಿ. ಆಮೇಲೆ ಡಾಂಗಲ್, ಒಂದರಲ್ಲೇ ಉಪಗ್ರಹ, ಕ್ಯೂಒ-100, ಡಕ್ಟಿಂಗ್ ಎಲ್ಲವನ್ನೂ ಎಸ್‌ಎಸ್‌ಬಿ ಸಮೇತ ಕೇಳಬಹುದು. ಎರಡು ಮೀಟರ್ ಎಸ್‌ಎಸ್‌ಬಿ ಇರುವ ಆಲ್‌ಮೋಡ್ ರಿಗ್ ದುಬಾರಿ. ಒಂದು ಬೇಸಿಗೆ ಪೂರ್ತಿ ಡಾಂಗಲ್‌ನಲ್ಲಿ ಕೇಳಿ, ನಿಮ್ಮ ಜಾಗದಿಂದ ಯಾವ ದಿಕ್ಕು ತೆರೆಯುತ್ತದೆ ಎಂದು ತಿಳಿದ ಮೇಲೆ ಕೊಂಡರೆ ಸಾಕು. ಈಗಲೇ ಸಾಲ ಮಾಡಿ ತರಬೇಡಿ.